ಇನ್ನೂ ನಾರಿಲ್ಲ

ಲಿಂಗಿ ಗಾಜಿನ ಜಾಡಿಯ ಬಾಯಿಗೆ ಮೂಗು ಹಿಡಿದು ಉಸಿರೆಳೆದುಕೊಂಡಳು. ಪಾಚಿಯ ವಾಸನೆ, ಒದ್ದೆ ಮರಳಿನ ವಾಸನೆ, ನಿನ್ನೆ ಹಾಕಿದ ಸೊಪ್ಪು ಬಾಡಿದ ವಾಸನೆ. ಅಷ್ಟೇ. ಸೊಪ್ಪನ್ನು ಎರಡು ಬೆರಳಲ್ಲಿ ಎತ್ತಿ ಅಂಗಳದಾಚೆ ಎಸೆದಳು. ಜಾಡಿಯ ತಳದಲ್ಲಿ ಬಸವನ ಹುಳು ನಿನ್ನೆ ಇದ್ದ ಜಾಗದಲ್ಲೇ, ಕಂದು ಚಿಪ್ಪಿನ ಬಾಯನ್ನು ಮುಚ್ಚಳದಿಂದ ಬಿಗಿದುಕೊಂಡು ಬಿದ್ದಿತ್ತು.

"ಏನ ಮಾಮಿ, ಇವತ್ತಾದರೂ ಮಾತಾಡಿತಾ?" ಸೊಸೆ ತಂಗಮ್ಮ ಸಗಣಿಯ ಕುಕ್ಕೆಯನ್ನು ಸೊಂಟಕ್ಕಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಇಲ್ಲೆ. ನಾರಲೂ ಇಲ್ಲೆ."

"ಎರಡು ತಿಂಗಳಾತು. ಕಲ್ಲೂ ನಾರದು. ಹಾಗಂತ ಕಲ್ಲಿಗೆ ಯಾರಾದರೂ ದಿನಾ ಸೊಪ್ಪು ಹಾಕಾರಾ?"

"ಕಲ್ಲಿಗೆ ಬಾಗಿಲು ಇರಾದು ನೀ ಎಲ್ಲಿ ಕಂಡೆ?" ಲಿಂಗಿ ಜಾಡಿಯನ್ನು ಬಿಸಿಲಿಗೆ ತಿರುಗಿಸಿದಳು. "ಸತ್ತಿದ್ದರೆ ಈ ಬಾಗಿಲು ಸಡಿಲಾಗಿ ಬಿದ್ದುಹೋಗಾದು. ಇದು ಒಳಗಿಂದ ಎಳೆದು ಹಿಡಿದಿದೆ. ಹಿಡಿಯಾಕೆ ಜೀವ ಬೇಕು ತಾಯಿ."

ತಂಗಮ್ಮ ನಕ್ಕು ಅಂಗಳಕ್ಕಿಳಿದಳು. ಕೆಟ್ಟ ಹುಡುಗಿಯಲ್ಲ. ನಗುವುದನ್ನು ಮರೆತವಳೂ ಅಲ್ಲ. ಆದರೆ ದಾಟಿ ಹೋಗುವಾಗ ಅವಳು ತಲೆ ಬಾಗಿಸಲಿಲ್ಲ. ನೀಲಗಿರಿಯ ಬಡಗರ ಹಟ್ಟಿಗಳಲ್ಲಿ ಬೆಳಿಗ್ಗೆ ಮೊದಲು ಎದುರಾದಾಗ ಕಿರಿಯರು ತಲೆ ಬಗ್ಗಿಸುತ್ತಾರೆ, ಹಿರಿಯರು ನೆತ್ತಿಯ ಮೇಲೆ ಅಂಗೈ ಇಟ್ಟು 'ಬದುಕು' ಎನ್ನುತ್ತಾರೆ. ಅದು ಮುಖ ತೊಳೆದುಕೊಂಡಷ್ಟೇ ಸಹಜವಾಗಿ ನಡೆದುಹೋಗುವ ಸಂಗತಿ, ಯಾರೂ ಗಮನಿಸುವುದಿಲ್ಲ. ನಿಂತುಹೋದ ಮೇಲೆ ಲಿಂಗಿ ಗಮನಿಸಿದ್ದಳು. ಎರಡು ತಿಂಗಳಿಂದ ಹಟ್ಟಿಯಲ್ಲಿ ಒಂದು ತಲೆಯೂ ಅವಳ ಕೈಗೆ ಬಂದಿರಲಿಲ್ಲ. ಸಾಯುವವರಿಗೆ ಕೊಡುವ ಹಣ ನುಂಗಿದವಳ ಬಾಯಿಂದ 'ಬದುಕು' ಎನ್ನಿಸಿಕೊಳ್ಳಲು ಯಾರಿಗೆ ಧೈರ್ಯ?

ಹೋದ ದೀಪಾವಳಿಯ ಹೊತ್ತಿಗೆ ಅವಳು ಮಗಳ ಬಾಣಂತನಕ್ಕೆಂದು ಸೀಗೂರು ಘಾಟಿ ಇಳಿದು ಬೊಕ್ಕಾಪುರಕ್ಕೆ ಹೋಗಿದ್ದಳು. ಮಸಿನಗುಡಿಯ ಕಡೆಯ ಸೆಕೆ, ಸೊಳ್ಳೆ, ಒಂದೂವರೆ ತಿಂಗಳು. ಬರುವಾಗ ಮಗಳು ಗಡಿಗೆಯೊಂದರಲ್ಲಿ ಕೆರೆಯಂಚಿನ ಕೆಸವಿನ ಸಸಿಗಳನ್ನು ಕೆಸರಿನ ಸಮೇತ ತುಂಬಿಕೊಟ್ಟಳು. ಮೇಲೆ ಬಂದು ಗಡಿಗೆ ಬೋರಲು ಹಾಕಿದಾಗ ಕೆಸರಿನೊಳಗಿಂದ ನಿಂಬೆಹಣ್ಣಿನಷ್ಟು ದಪ್ಪದ ಈ ಹುಳು ಉರುಳಿತು. ಮಗ ಭೋಜನ್ ಊಟಿಯ ತಂತಿ ಆಫೀಸಿನಲ್ಲಿ ಕಂಬ ಹತ್ತುವ ಕೆಲಸದಲ್ಲಿದ್ದ. ಬ್ಯಾಟರಿಯ ಗಾಜಿನ ಜಾಡಿಗಳಲ್ಲಿ ಬಾಯಿ ಮುಕ್ಕಾಗಿ ಎಸೆದಿದ್ದ ಒಂದನ್ನು ಹೊತ್ತು ತಂದು, "ಇದರೊಳಗೆ ಬಿಡು ಅವ್ವೆ, ಒಳಗಿಂದೆಲ್ಲ ಕಾಣುತ್ತೆ" ಎಂದ. ಅದರ ಹುಳಿವಾಸನೆ ಹೋಗಲು ಲಿಂಗಿ ಏಳು ಸಲ ಬೂದಿ ಹಾಕಿ ಉಜ್ಜಿದಳು. ತೊರೆಯ ಮರಳು ಹಾಕಿ ನೀರು ತುಂಬಿಸಿದ ಮೇಲೆ ಹಟ್ಟಿಯ ಹೆಂಗಸರೆಲ್ಲ ಬಂದು ನೋಡಿದರು. ಗಾಜಿಗೆ ಅಂಟಿಕೊಂಡು ಅದು ಪಾಚಿ ಕೆರೆಯುವಾಗ ಅದರ ಬಾಯಿ ಹಲ್ಲಿಲ್ಲದ ಮುದುಕಿ ಹಣ್ಣು ತಿಂದ ಹಾಗೆ ಕಾಣುತ್ತಿತ್ತು. ಆಗಾಗ ಮೇಲೇರಿ, ಸಣ್ಣ ಕೊಳವೆಯೊಂದನ್ನು ನೀರಿನಿಂದಾಚೆ ಚಾಚಿ ಉಸಿರೆಳೆದುಕೊಂಡು, ಮತ್ತೆ ಇಳಿಯುತ್ತಿತ್ತು. ಲಿಂಗಿ ಅದನ್ನು ನೋಡುತ್ತ ಕೂರುತ್ತಿದ್ದಳು. ಗಂಡ ನಂಜ ಸತ್ತು ಆರು ವರ್ಷವಾಗಿತ್ತು. ಕೆಲಸವಿಲ್ಲದೆ ಕೂತು ಏನನ್ನಾದರೂ ನೋಡಿದ್ದು ಅವಳ ಬದುಕಿನಲ್ಲಿ ಅದೇ ಮೊದಲು.

ಹುಳುವಿನ ಜೊತೆ ಚಳಿಜ್ವರವೂ ಘಾಟಿ ಹತ್ತಿ ಬಂದಿತ್ತು. ದಿನ ಬಿಟ್ಟು ದಿನ ನಡುಗಿದಳು. ಭೋಜನ್ ಅಂಚೆ ಕಚೇರಿಯಲ್ಲಿ ಮಾರುವ ಜ್ವರದ ಮದ್ದು ಕೊಯಿನಾ ಪುಡಿ ತಂದು ಕುಡಿಸಿದ. ಹತ್ತನೆಯ ದಿನ ಮಾತು ನಿಂತಿತು. ಬೆಳ್ಳಂಬೆಳಗ್ಗೆ ನಂಜನ ಅಣ್ಣ ಜೋಗಿ ಬಂದು ಅವಳ ಮೂಗಿನ ಬಳಿ ಮುಂಗೈ ಹಿಡಿದು, "ಉಸಿರು ಹೊಸ್ತಿಲಲ್ಲಿದೆ. ಹಣ ಕೊಡೋ ಭೋಜ, ತಡ ಮಾಡಬೇಡ" ಎಂದ. ಹಣವೆಂದರೆ ಉದ್ದಿನ ಬೇಳೆಯಷ್ಟಗಲದ ಹಳೆಯ ಚಿನ್ನದ ನಾಣ್ಯ. ಸಾಯುವವರ ಬಾಯಿಗೆ ಮಗ ಅದನ್ನು ತುಪ್ಪದಲ್ಲಿ ಅದ್ದಿ ಇಡಬೇಕು, ಅವರು ನುಂಗಬೇಕು. ಅದಿಲ್ಲದೆ ಹೋದ ಜೀವ ಆಚೆ ದಡಕ್ಕೆ ದಾಟುವುದಿಲ್ಲ.

ಲಿಂಗಿಗೆ ಮೊದಲು ತಿಳಿದದ್ದು ತುಪ್ಪದ ರುಚಿ. ಆಮೇಲೆ ಹೊರಗೆ ಮಗನ ದನಿ: "ನುಂಗಿದಳು ದೊಡ್ಡಪ್ಪ. ಗಂಟಲು ಆಡಿದ್ದು ನಾ ಕಂಡೆ." ಬಿಸಿಲೇರುವ ಹೊತ್ತಿಗೆ ಅವಳು ಕಣ್ಣು ಬಿಟ್ಟು ಗಂಜಿ ಕೇಳಿದಳು. ಅಷ್ಟರಲ್ಲಿ ಸಾವಿನ ಸುದ್ದಿ ಹೊತ್ತ ಆಳು ಎರಡು ಹಟ್ಟಿ ದಾಟಿದ್ದ. ಮಧ್ಯಾಹ್ನ ನೆಂಟರು ಅಳುತ್ತ ಬಂದು ನೋಡಿದರೆ ಹೆಣ ಗೋಡೆಗೆ ಒರಗಿಕೊಂಡು ಗಂಜಿ ಕುಡಿಯುತ್ತಿತ್ತು. ಬಂದವರಿಗೆ ಹಿಟ್ಟು, ಅವರೆಕಾಳಿನ ಉದಕ ಬಡಿಸಿದ್ದಾಯಿತು. ಉಂಡು ಹೋಗುವಾಗ ಒಬ್ಬಿಬ್ಬರ ಮುಖದಲ್ಲಿ ದಾರಿ ನಡೆದದ್ದು ದಂಡವಾಯಿತೆಂಬ ಬೇಸರವೂ ಇತ್ತು.

ಅವಳು ನುಂಗಿರಲಿಲ್ಲ. ಎದ್ದು ಕೂತಾಗ ಹಣ ಹಲ್ಲಿಗೂ ಕೆನ್ನೆಗೂ ನಡುವೆ ಸಿಕ್ಕಿಕೊಂಡಿತ್ತು. ತೆಗೆದು ತೋರಿಸಿದರೆ ಮಗ ಎಲ್ಲರೆದುರು ಆಡಿದ ಮಾತು ಸುಳ್ಳಾಗುತ್ತಿತ್ತು. ಅವಸರಪಟ್ಟು ಹೆತ್ತವಳ ಬಾಯಿಗೆ ಹಣ ತುರುಕಿ, ನುಂಗಿದಳೆಂದು ಸಾರಿದ ಮಗ! ಊರ ಬಾಯಿಗೆ ವರ್ಷಗಟ್ಟಲೆ ಮೇವು. ಲಿಂಗಿ ತೆವಳುತ್ತ ಹೊರಜಗುಲಿಗೆ ಬಂದಳು. ಅವಳು ಮಲಗಿದ್ದಾಗ ಯಾರೋ ಜಾಡಿಯನ್ನು ಮೂಲೆಗೆ ತಳ್ಳಿದ್ದರು. ಹಿಮ ಬಿದ್ದು ನೀರಿನ ಮೇಲೆ ತೆಳ್ಳನೆಯ ಗಾಜಿನಂಥ ಪದರ ಕಟ್ಟಿ ಕರಗಿತ್ತು. ಹುಳು ಬಾಗಿಲು ಹಾಕಿಕೊಂಡಿತ್ತು. ಕೈಯನ್ನು ಆ ಕೊರೆಯುವ ನೀರಿಗಿಳಿಸಿ, ಹಣವನ್ನು ಮರಳಿನೊಳಕ್ಕೆ ಒತ್ತಿ, ಅದರ ಮೇಲೆ ಹುಳುವನ್ನು ಇಟ್ಟಳು.

ಅಂದಿನಿಂದ ಇಬ್ಬರ ದಿನಚರಿಯೂ ಒಂದೇ. ಹಣ ನುಂಗಿ ಉಳಿದವಳು ಊರಿಗೆ ಸತ್ತವಳ ಲೆಕ್ಕ. ಲಿಂಗಿ ಒಲೆಯ ಹತ್ತಿರ ಹೋಗುವಂತಿರಲಿಲ್ಲ, ಕಾಳಿನ ಕುಕ್ಕೆ ಮುಟ್ಟುವಂತಿರಲಿಲ್ಲ. ಹೊರಮನೆಯ ಜಗುಲಿಯೇ ಅವಳ ಜಾಗ, ಅನ್ನ ಅಲ್ಲಿಗೇ ಬರುತ್ತಿತ್ತು. ಹುಳುವಿಗಾದರೂ ಅವಳಿದ್ದಳು. ಊಟೆಯಿಂದ ಚಿಲುಮೆ ನೀರು ತಂದು ಒಂದು ದಿನ ಬಿಸಿಲಿಗಿಟ್ಟು ಆಮೇಲೆ ಬದಲಿಸುತ್ತಿದ್ದಳು. ಸಂಜೆ ಜಾಡಿಯನ್ನು ಒಳಗೆಳೆದು ಗೋಣಿ ಸುತ್ತುತ್ತಿದ್ದಳು. ಬೆಳಿಗ್ಗೆ ಮೂಸುತ್ತಿದ್ದಳು.

"ಹುಳ ಹೇಂಗಿದೆ ಲಿಂಗೀ?"

ಜೋಗಿ ಕೋಲೂರಿಕೊಂಡು ಅಂಗಳಕ್ಕೆ ಬಂದಿದ್ದ. ಅರವತ್ತು ದಾಟಿದರೂ ಬೆನ್ನು ಬಾಗದ ಆಳು. ಲಿಂಗಿ ಎದ್ದು ಸೆರಗು ಸರಿಮಾಡಿಕೊಂಡು ತಲೆ ಬಾಗಿಸಿದಳು. ಅವನ ಕೈ ಕೋಲಿನ ಮೇಲೆಯೇ ಇತ್ತು. ಸ್ವಲ್ಪ ಹೊತ್ತು ಹಾಗೇ ಬಗ್ಗಿದ್ದು ಅವಳು ತಲೆ ಎತ್ತಿದಳು.

"ಚೆನ್ನಾಗಿದೆ ಬಾವ."

"ಸತ್ತದ್ದು ಚೆನ್ನಾಗೇ ಇರುತ್ತೆ. ಅದಕ್ಕೇನ ಹಸಿವಾ, ಚಳಿಯಾ?" ನಕ್ಕ. ಆಮೇಲೆ ಬಂದ ವಿಷಯಕ್ಕೆ ಬಂದ. "ಮಂಗಳವಾರ ಊರ ಬಿತ್ತನೆ. ಕೆಳಗಣ ಹೊಲಕ್ಕೆ ಈ ಸಲ ಕೊರಲಿ ಕಾಳು ಬೇಡ. ಟೀ ಸಸಿಗೆ ಎಸ್ಟೇಟಿನವರ ಹತ್ತಿರ ಹೇಳಿಟ್ಟಿದೀನೆ. ಬಿಸಿಲು ಬೀಳಾ ಇಳಿಜಾರು, ಪಕ್ಕದಲ್ಲೇ ತೊರೆ. ಅಂಥಾ ಜಾಗ ಎನ್ನ ಪಾಲಲ್ಲಿ ಇಲ್ಲೆ."

"ಅದು ಎನ್ನ ಹೊಲ ಬಾವ."

"ನಂಜ ಸಾಯಾಗ ಹೇಳಿದ್ದು ಎನಗೂ ನೆನಪಿದೆ. ನಾನೂ ಕೂತಿದ್ದೆ. 'ಅವಳ ಉಸಿರು ಇರಾ ತನಕ ಕೆಳಗಣ ಹೊಲ ಅವಳೇ ಬಿತ್ತಲಿ, ಆಮೇಲೆ ಅಣ್ಣನಿಗೆ' ಅಂದ. ಇಲ್ಲ ಅಂದೆನಾ ನಾ? ಆರು ವರ್ಷ ನೀ ಬಿತ್ತಿದೆ. ಹಣ ಕೊಟ್ಟ ದಿನಕ್ಕೆ ಆ ಉಸಿರು ಮುಗಿತು. ಈಗಿರಾದು ದೇವರು ಮೇಲೆ ಹಾಕಿದ ಹಿಡಿ ತುಂಬಾ ಉಸಿರು. ಅದನ್ನ ಉಂಡುಕೊಂಡು ಕೂತಿರು. ನಿನ್ನ ಹಸಿವಿಗೆ ಬಿಡಾದಿಲ್ಲೆ ನಾವು."

"ಕೂತು ಉಣ್ಣಾಕೆ ಎನಗೆ ಬರಾದಿಲ್ಲ."

"ಕಲಿ." ಅವನು ಕೋಲಿನ ತುದಿಯಿಂದ ಜಾಡಿಯನ್ನು ಮೆಲ್ಲಗೆ ತಟ್ಟಿದ. "ಇದು ಕಲಿತಿಲ್ಲವಾ?"

ಅವನು ಹೋದ ಮೇಲೆ ಲಿಂಗಿ ಬಹಳ ಹೊತ್ತು ಕೆಳಗಿನ ಇಳಿಜಾರನ್ನು ನೋಡುತ್ತ ನಿಂತಳು. ಮದುವೆಯಾದ ವರ್ಷ ಅದು ಬರೀ ಬೋರೆ. ನಂಜ ಬೇರು ಕೀಳುತ್ತಿದ್ದ, ಅವಳು ಕಲ್ಲು ಆಯುತ್ತಿದ್ದಳು. ಮಧ್ಯದ ಬದುವಿನಲ್ಲಿ ಅವಳ ಕೈ ಇಡದ ಕಲ್ಲು ಒಂದೂ ಇಲ್ಲ. ಮೂರನೆಯ ಮಗು ಸತ್ತೇ ಹುಟ್ಟಿದಾಗ, ಎದೆಹಾಲು ಬತ್ತುವ ಮೊದಲೇ ಆ ಹೊಲಕ್ಕಿಳಿದು ಸಂಜೆತನಕ ಅಗೆದಿದ್ದಳು. ಮನೆಯಲ್ಲಿ ಅಳಲು ಜಾಗವಿರಲಿಲ್ಲ.

ಊಟೆಯ ಬಳಿ ನೀರಿಗೆ ಹೋದಾಗ ನಂಜಮ್ಮ ಸಿಕ್ಕಳು. ಪಕ್ಕದ ಸಾಲಿನವಳು, ಇಬ್ಬರೂ ಒಂದೇ ವರ್ಷ ಈ ಹಟ್ಟಿಗೆ ಸೊಸೆಯರಾಗಿ ಬಂದವರು. ಹಣೆಯ ಹಚ್ಚೆ ಕೂಡ ಒಂದೇ ದಿನ ಒಬ್ಬಳೇ ಮುದುಕಿಯ ಹತ್ತಿರ ಚುಚ್ಚಿಸಿಕೊಂಡಿದ್ದರು. ನಂಜಮ್ಮನ ಬಾಯಿಗೆ ಬೀಗವಿಲ್ಲ.

"ಎರಡು ತಿಂಗಳಿಂದ ಒಂದು ಮಾತು ಕೇಳಬೇಕು ಅಂತಿದೀನೆ," ಎಂದಳು ಕೊಡ ತಿಕ್ಕುತ್ತ. "ಆ ಹಣ ಎತ್ತ ಹೋತು? ನುಂಗಿದ್ದು ಅಲ್ಲೇ ಕೂತಿರುತ್ತಾ? ಬೆಳಿಗ್ಗೆ ಪೊದೆ ಮರೆಗೆ ಹೋಗಾಗ ನೋಡಿಕೋ, ಚಿನ್ನ ಅದು!"

"ಥೂ ನಿನ್ನ!" ಲಿಂಗಿಗೂ ನಗು ತಡೆಯಲಿಲ್ಲ. "ನೀ ಬಂದು ಹುಡುಕಿಕೊಡು."

"ಹುಡುಕಿಕೊಟ್ಟರೆ ಎನಗೆ ಪಾಲು." ನಕ್ಕು ಮುಗಿದ ಮೇಲೆ ನಂಜಮ್ಮ ದನಿ ತಗ್ಗಿಸಿದಳು. "ಜೋಗಿಯಣ್ಣ ಟೀ ನೆಡಾರಂತೆ?"

"ನೆಡಲಿ. ಎನ್ನ ಮೇಲೆ ನೆಡಬೇಕು."

"ಗಂಡಸರು ಕೂತು ತೀರ್ಮಾನ ಮಾಡಾದನ್ನ ನೀ ಏನ ಮಾಡಾಕಾಗುತ್ತೆ? ಹಣ ನುಂಗಿದ ಕೈ ಬೀಜ ಮುಟ್ಟಿದರೆ ಊರಿಗೇ ಆಗದು ಅಂತ ಗೌಡನ ಕಿವಿಗೂ ಹಾಕಿದಾರೆ." ನಂಜಮ್ಮ ಕೊಡವನ್ನು ತಲೆಗೇರಿಸಿಕೊಂಡಳು. "ನುಂಗಬಾರದಿತ್ತು ಕಣೇ ನೀ."

ಅವಳು ಹೊರಟುಹೋದ ಮೇಲೂ ಆ ಮಾತು ಊಟೆಯ ಕಲ್ಲಿನ ಮೇಲೆ ಕೂತೇ ಇತ್ತು. ಇಷ್ಟು ದಿನ ಮಗನ ಮಾನ ಮುಚ್ಚುತ್ತಿದ್ದೇನೆಂದು ಲಿಂಗಿ ತಿಳಿದಿದ್ದಳು. ಅದರಲ್ಲಿ ಅವಳಿಗೊಂದು ಸಣ್ಣ ಹೆಮ್ಮೆಯೂ ಇತ್ತು, ತಾಯಿಯಾದವಳು ಮಾಡುವ ಇನ್ನೊಂದು ಕೆಲಸವೆಂಬ ಹಾಗೆ. ಆ ಮುಚ್ಚಿಗೆಯ ಕೆಳಗೆ ಮೆಲ್ಲಮೆಲ್ಲನೆ ತನ್ನನ್ನೇ ಹೂಳುತ್ತಿದ್ದಾರೆಂದು ಈಗ ಕಂಡಿತು. ಹೂಳುವ ಮಣ್ಣನ್ನು ತಾನೇ ಎತ್ತಿಕೊಡುತ್ತಿದ್ದಳು.

ಸೋಮವಾರ ಯಾರೂ ನೇಗಿಲು ಮುಟ್ಟುವುದಿಲ್ಲ. ಅಂದು ಸಂಜೆ ಭೋಜನ್ ಜಗುಲಿಗೆ ಬಂದು ಕೂತ. ಕಂಬ ಹತ್ತಿ ಹತ್ತಿ ಅವನ ಅಂಗಾಲು ಕೊಂಬಿನಂತಾಗಿತ್ತು. ಕೈಯಲ್ಲೊಂದು ತಾಮ್ರದ ತಂತಿಯ ತುಂಡು ಹಿಡಿದು ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದ.

"ಬಿಟ್ಟುಬಿಡು ಅವ್ವೆ," ಎಂದ. "ಹೊಲ ಹೋದರೆ ಹೋತು. ನಾ ಸಾಕಾದಿಲ್ಲವಾ? ದೊಡ್ಡಪ್ಪನ ಜೊತೆ ಜಗಳ ಆಡಿದರೆ ನಾಳೆ ಎನ್ನ ಮಕ್ಕಳ ಮದುವೆಗೆ ಯಾರು ಬಂದು ನಿಲ್ಲಾರು?"

"ಒಂದು ಕೇಳಿನೆ, ನಿಜ ಹೇಳು. ಎನ್ನ ಗಂಟಲು ಆಡಿದ್ದು ಕಂಡೆಯಾ?"

ತಂತಿ ನಿಂತಿತು.

"ಅಷ್ಟು ಜನ ನಿಂತಿದ್ದರು," ಎಂದ. "ನುಂಗಿದಳಾ, ನುಂಗಿದಳಾ ಅಂತ ಕೇಳಿದರು. ಎನಗೆ ಏನೂ ಕಾಣಲಿಲ್ಲೆ ಅವ್ವೆ. ಕಣ್ಣಲ್ಲಿ ನೀರಿತ್ತು. ಇಲ್ಲ ಅಂದರೆ ನೀ ಹಣ ಇಲ್ಲದೆ ಹೋದೆ ಅಂತ ಆಗಾದು. ದಾಟಾಕಾಗದೆ ನೀ ಈಚೆ ದಡದಲ್ಲೇ ನಿಂತಿರಾದು..."

ಲಿಂಗಿ ಅವನನ್ನು ನೋಡಿದಳು. ಅವಸರಪಟ್ಟವನೆಂದು ಒಳಗೊಳಗೇ ಎರಡು ತಿಂಗಳು ಇಟ್ಟುಕೊಂಡಿದ್ದ ಕಹಿ ಎಲ್ಲಿಗೋ ಹೋಯಿತು. ಹೆದರಿದ್ದ, ಅಷ್ಟೇ. ಅವನ ಕೈ ಹಿಡಿದು ಜಾಡಿಯ ಹತ್ತಿರ ಎಳೆದಳು. "ಒಳಗೆ ಹಾಕು. ಹುಳದ ಕೆಳಗೆ. ಮರಳಲ್ಲಿ ನೋಡು."

ಅವನ ಮೊಣಕೈವರೆಗೆ ನೀರು ಬಂತು. ಬೆರಳು ಮರಳನ್ನು ಕೆದಕುವುದು ಗಾಜಿನಾಚೆಯಿಂದ ದೊಡ್ಡದಾಗಿ ಕಾಣುತ್ತಿತ್ತು. ಆಮೇಲೆ ಬೆರಳು ನಿಂತವು. ಹೊರಗೆ ತೆಗೆದಾಗ ತೋರುಬೆರಳಿನ ತುದಿಯಲ್ಲಿ ಹಣ ಅಂಟಿಕೊಂಡಿತ್ತು.

"ಯಾರಿಗೂ ತೋರಿಸಬೇಡ ಅವ್ವೆ," ಎಂದ ಭೋಜನ್. ಮೊದಲು ಬಂದ ಮಾತೇ ಅದು. ಅಂದ ಮೇಲೆ ಅವನ ಮುಖ ಇನ್ನಷ್ಟು ಸಣ್ಣದಾಯಿತು.

"ತೋರಿಸಲಿಲ್ಲವಲ್ಲ ಮಗಾ. ನಿನಗೋಸ್ಕರ ಎರಡು ತಿಂಗಳು ಸತ್ತಿದ್ದೆ. ಇನ್ನು ಎನ್ನ ಕೈಲಾಗದು." ಅವಳು ಹಣವನ್ನು ಅವನ ಬೆರಳಿಂದ ತೆಗೆದು ಮತ್ತೆ ನೀರಿಗೆ ಬಿಟ್ಟಳು. ಅದು ತೂಗಾಡುತ್ತ ಇಳಿದು ಹುಳುವಿನ ಪಕ್ಕ ಕೂತಿತು. "ನಾಳೆ ನಿನ್ನ ಮುಖ ಕೆಂಪಾಗುತ್ತೆ. ಒಂದು ದಿನ. ಎನ್ನ ಹೊಲ ಹೋದರೆ ಎನಗೆ ದಿನಾ."

ಮಂಗಳವಾರ ಬೆಳಿಗ್ಗೆ ಊರ ಮುಂದಿನ ಹುಲ್ಲುಬಯಲಿನಲ್ಲಿ ಗಂಡಸರು ಸೇರಿದ್ದರು. ಮನೆಮನೆಯಿಂದ ಬಂದ ಬೀಜದ ಕುಕ್ಕೆಗಳು ಸಾಲಾಗಿದ್ದವು. ಕಲ್ಲುಕಟ್ಟೆಯ ಮೇಲೆ ಗೌಡ ಭೀಮ ಕಂಬಳಿ ಹೊದ್ದು ಕೂತಿದ್ದ. ಕಣ್ಣು ಮಂಜಾದರೂ ಮೂಗು ದೊಡ್ಡದು. ಹಾಲು ಹುಳಿಯಾಗುವ ಹಿಂದಿನ ದಿನವೇ ಗೌಡನಿಗೆ ಗೊತ್ತಾಗುತ್ತದೆಂದು ಊರು ತಮಾಷೆ ಮಾಡುತ್ತಿತ್ತು. ಪಕ್ಕದಲ್ಲಿ ಜೋಗಿ. ಹೆಂಗಸರು ದೂರದ ಗೋಡೆಯ ಬಳಿ ನಿಂತಿದ್ದರು. ಲಿಂಗಿ ಅವರನ್ನು ದಾಟಿ ಬಯಲಿಗೆ ಬಂದಳು. ಹೆಗಲಲ್ಲಿ ಗುದ್ದಲಿ, ಸೊಂಟದಲ್ಲಿ ಜಾಡಿ. ನಡೆದಂತೆಲ್ಲ ನೀರು ತುಳುಕಿ ಮುಂಡು ಒದ್ದೆಯಾಗುತ್ತಿತ್ತು.

"ಏ ಲಿಂಗೀ, ಇದೇನ? ಗಂಡಸರು ಕೂತಿರಾ ಜಾಗ," ಯಾರೋ ಕೂಗಿದರು.

ಅವಳು ಕಟ್ಟೆಯ ಮುಂದೆ ಬಂದು ಜಾಡಿಯನ್ನು ಕಲ್ಲಿನ ಮೇಲಿಟ್ಟಳು. ತೋಳು ಮೇಲೇರಿಸಿಕೊಂಡು, ಕೈ ಇಳಿಸಿ, ಹಣ ತೆಗೆದು ಗೌಡನ ಅಂಗೈಗೆ ಹಾಕಿದಳು.

"ಎನ್ನ ಮಗ ಕೊಟ್ಟ ಹಣ. ನಾ ನುಂಗಿಲ್ಲೆ ಗೌಡ. ಕೆನ್ನೆಯಲ್ಲಿತ್ತು. ನೋಡಿಕೊಳ್ಳಿ."

ಗೌಡ ಹಣವನ್ನು ಕಣ್ಣ ಹತ್ತಿರ ತಂದು, ತಿರುಗಿಸಿ, ಆಮೇಲೆ ತಲೆ ಎತ್ತಿದ. "ಭೋಜ ಎಲ್ಲಿ? ಬಾ ಇಲ್ಲಿ. ನುಂಗಿದ್ದು ಕಂಡೆ ಅಂದೆಯಲ್ಲ ನೀನು?"

ಭೋಜನ್ ಗುಂಪಿನ ಹಿಂದಿನಿಂದ ಬಂದ. ತಾಯಿಯನ್ನು ನೋಡಲಿಲ್ಲ, ದೊಡ್ಡಪ್ಪನನ್ನೂ ನೋಡಲಿಲ್ಲ. ಜಾಡಿಯನ್ನು ನೋಡಿದ.

"ಕಂಡಿಲ್ಲೆ," ಎಂದ.

ಯಾರೋ ಕಿಸಕ್ಕನೆ ನಕ್ಕರು. "ಸುಳ್ಳು ಸಾಕ್ಷಿ ಹೇಳಿ ಅವ್ವೆಯನ್ನು ಕಳಿಸಿದ್ದನಲ್ಲಪ್ಪ!" ಎಂದು ಇನ್ನೊಬ್ಬರು. ಭೋಜನ್‌ನ ಕಿವಿ ಕೆಂಡದ ಹಾಗಾದವು. ಆದರೆ ಅವನು ಗುಂಪಿಗೆ ಹಿಂತಿರುಗಲಿಲ್ಲ. ಅಲ್ಲೇ, ತಾಯಿಗಿಂತ ಒಂದು ಹೆಜ್ಜೆ ಹಿಂದೆ ನಿಂತ.

ಜೋಗಿ ಕೋಲು ಕುಟ್ಟಿದ. "ನುಂಗಿದರೇನ, ಬಿಟ್ಟರೇನ? ಕೊಟ್ಟದ್ದು ಕೊಟ್ಟದ್ದೇ. ಬಾಯೊಳಗೆ ಹೋದ ಹಣ ಹೊರಗೆ ಬಂದದ್ದು ಈ ಬೆಟ್ಟದಲ್ಲಿ ಎಲ್ಲಾದರೂ ಉಂಟಾ? ಸತ್ತ ಹುಳ ಸಾಕಿಕೊಂಡು, ಸತ್ತವಳು ಬಂದು ಊರ ಮುಂದೆ ನ್ಯಾಯ ಹೇಳಾಳು."

"ಹುಳ ಸತ್ತಿಲ್ಲೆ ಬಾವ."

"ಎರಡು ತಿಂಗಳು ಅಲ್ಲಾಡಿಲ್ಲ!"

"ಅಲ್ಲಾಡದ್ದೆಲ್ಲ ಸತ್ತಿದ್ದರೆ ಗೌಡ ಕೂತಿರಾ ಕಟ್ಟೆ ಹತ್ತಿರ ಯಾರೂ ಬರಬಾರದಿತ್ತು," ಎಂದಳು ಲಿಂಗಿ. ಗುಂಪಿನಲ್ಲಿ ಮತ್ತೆ ನಗು ಎದ್ದಿತು. ಗೌಡ ತನ್ನ ಮೇಲೆ ಬಿದ್ದ ಮಾತೋ ಕಲ್ಲಿನ ಮೇಲೆ ಬಿದ್ದದ್ದೋ ತಿಳಿಯದೆ ಹುಬ್ಬು ಎತ್ತಿದ. "ಗೌಡ, ನಿಮ್ಮ ಮೂಗು ಊರಿಗೆಲ್ಲ ಗೊತ್ತು. ಮೂಸಿ ಹೇಳಿ. ಸತ್ತಿದ್ದರೆ ಮೂರು ದಿನಕ್ಕೆ ನಾರುತ್ತಿತ್ತು."

ಗೌಡ ಭೀಮ ಕಂಬಳಿ ಸರಿಸಿ ಬಗ್ಗಿದ. ಅವನ ಮೂಗು ಜಾಡಿಯ ಬಾಯಿಯೊಳಗೇ ಇಳಿಯಿತು. ಒಮ್ಮೆ ಎಳೆದ, ನಿಂತ, ಮತ್ತೊಮ್ಮೆ ಎಳೆದ. ಮೂಗಿನ ತುದಿಯಿಂದ ನೀರು ಒರೆಸಿಕೊಳ್ಳುತ್ತ ನೆಟ್ಟಗೆ ಕೂತ.

"ನಾತ ಇಲ್ಲೆ," ಎಂದ.

"ಹುಳದ ಮಾತು ಯಾರಿಗೆ ಬೇಕು?" ಜೋಗಿಯ ದನಿ ಏರಿತು. "ಇಲ್ಲಿ ಮಾತು ನಿನ್ನದು."

"ಹಾಗಾದರೆ ಎನ್ನ ಮೂಸಿ ನೋಡು ಬಾವ."

ಲಿಂಗಿ ಒದ್ದೆ ತೋಳನ್ನು ಅವನ ಮುಖದ ಮುಂದೆ ಚಾಚಿ ಒಂದು ಹೆಜ್ಜೆ ಮುಂದಿಟ್ಟಳು. ತಮ್ಮನ ಹೆಂಡತಿಯ ತೋಳು, ಬಾವ ಮುಟ್ಟುವಂತಿಲ್ಲ. ಜೋಗಿ 'ಛೆ ಛೆ' ಎಂದು ಎರಡು ಹೆಜ್ಜೆ ಹಿಂದೆ ಸರಿದ, ಕುಕ್ಕೆಯೊಂದಕ್ಕೆ ಎಡವಿದ.

"ಅಂದು ಮೂಗಿಗೆ ಕೈ ಹಿಡಿದು ನೋಡಿದೆಯಲ್ಲ. ಇವತ್ತೂ ನೋಡು. ಎರಡು ತಿಂಗಳಾತು ಸತ್ತು. ನಾರಿದೆನಾ? ಹೇಳು. ನಾರಿದರೆ ಹೊಲ ನಿನ್ನದು, ನಾನೇ ಹೋಗಿ ಕಟ್ಟಿಗೆ ಮೇಲೆ ಮಲಗಿನೆ."

ಗೋಡೆಯ ಬಳಿಯಿಂದ ನಂಜಮ್ಮನ ನಗು ಮೊದಲು ಕೇಳಿತು. ಆಮೇಲೆ ಹೆಂಗಸರೆಲ್ಲ ನಕ್ಕರು. ಸೆರಗು ಬಾಯಿಗೆ ಅಡ್ಡ ಹಿಡಿಯುವುದನ್ನೂ ಮರೆತು ನಕ್ಕರು. ಗಂಡಸರು ನೆಲ ನೋಡಿದರು. ಅವರಲ್ಲೂ ಕೆಲವರ ಹೆಗಲು ಕುಲುಕುತ್ತಿತ್ತು.

ಗೌಡ ಕೈ ಎತ್ತಿದ. "ಹಿಂದೆ ಹೀಗೆ ನಡೆದದ್ದು ನಾ ಕೇಳಿಲ್ಲೆ. ನಾಲ್ಕು ಊರ ಗೌಡರನ್ನ ಕೂರಿಸಿ ಕೇಳಬೇಕು. ಅಲ್ಲಿತನಕ..."

"ಕೇಳಿ ಗೌಡ, ನಿಧಾನವಾಗಿ ಕೇಳಿ," ಎಂದಳು ಲಿಂಗಿ. "ಕೊರಲಿ ಕಾಯದು." ಗೌಡನ ಅಂಗೈಯಿಂದ ಹಣವನ್ನೆತ್ತಿ ಮಗನಿಗೆ ಕೊಟ್ಟಳು. "ಇಟ್ಟಿರು. ಹೊತ್ತು ಬಂದಾಗ ನಾನೇ ಬಾಯಿ ತೆರೆದಿನೆ." ಸಾಲಿನಲ್ಲಿ ತನ್ನ ಮನೆಯ ಕುಕ್ಕೆ ಯಾವುದೆಂದು ಅವಳಿಗೆ ನೋಡದೆಯೇ ಗೊತ್ತಿತ್ತು. ಅಂಚು ಹೆಣೆದದ್ದು ಅವಳೇ. ಅದನ್ನು ತಲೆಗೇರಿಸಿಕೊಂಡಳು, ಜಾಡಿಯನ್ನು ಸೊಂಟಕ್ಕೇರಿಸಿಕೊಂಡಳು. ಯಾರಾದರೂ ಕೈ ಅಡ್ಡ ಹಿಡಿಯುತ್ತಾರೆಂದು ಬೆನ್ನೆಲ್ಲ ಕಾಯುತ್ತಿತ್ತು. ಬಯಲು ದಾಟಿದಳು. ಯಾರೂ ಹಿಡಿಯಲಿಲ್ಲ.

ಕೆಳಗಣ ಹೊಲದ ಮಣ್ಣು ಹಿಮಕ್ಕೆ ಬಿರುಸಾಗಿತ್ತು. ಮಧ್ಯದ ಬದುವಿನ ಮೇಲೆ ಬಿಸಿಲು ಚೆನ್ನಾಗಿ ಬೀಳುವ ಕಡೆ ಜಾಡಿಯನ್ನಿಟ್ಟು ಅವಳು ಅಗೆಯತೊಡಗಿದಳು. ಎರಡು ತಿಂಗಳು ಕೂತ ತೋಳು ನಾಲ್ಕನೆಯ ಏಟಿಗೇ ನೋಯಿತು. ಐದನೆಯದನ್ನು ಹಾಕಿದಳು. ಮೇಲೆ ಬಯಲಿನಲ್ಲಿ ಜೋಗಿಯ ದನಿ ಇನ್ನೂ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ.

ಹಿಂದೆ ಹೆಜ್ಜೆ ಸಪ್ಪಳವಾಯಿತು. ತಂಗಮ್ಮ ಗುದ್ದಲಿ ಹಿಡಿದು ಇಳಿಜಾರಿನಲ್ಲಿ ಜಾರುತ್ತ ಬರುತ್ತಿದ್ದಳು.

"ನಿಮ್ಮ ಮಗನನ್ನ ಊರೆಲ್ಲ ನೋಡಿ ನಗುತ್ತಿದೆ ಮಾಮಿ," ಎಂದಳು ಏದುಸಿರು ಬಿಡುತ್ತ. ಬೈಯುತ್ತಿದ್ದಾಳೋ ಏನೋ ತಿಳಿಯುವಂತಿರಲಿಲ್ಲ.

"ನಗಲಿ. ಹಲ್ಲಿರಾತನಕ ನಗಾರು."

ತಂಗಮ್ಮ ಬೀಜದ ಕುಕ್ಕೆಯ ಕಡೆ ನೋಡಿದಳು. ಬಿತ್ತುವ ಮೊದಲು ಕುಕ್ಕೆಯಿಂದ ಹಿಡಿ ಬೀಜ ತೆಗೆದುಕೊಳ್ಳಬೇಕಾದವಳು ಮನೆಯ ಹಿರಿಯವಳ ಮುಂದೆ ತಲೆ ಬಗ್ಗಿಸಬೇಕು. ಈಗ ಅಲ್ಲಿ ಮೂರನೆಯವರಿರಲಿಲ್ಲ. ಅವಳು ಗುದ್ದಲಿಯನ್ನು ನೆಲಕ್ಕೆ ಹಾಕಿದಳು. ಒಮ್ಮೆ ಮೇಲೆ ಬಯಲಿನತ್ತ ತಿರುಗಿ ನೋಡಿದಳು. ಆಮೇಲೆ ತಲೆಯ ಬಟ್ಟೆ ಸರಿಸಿ ಬಗ್ಗಿದಳು.

ಲಿಂಗಿಯ ಕೈ ತಕ್ಷಣ ಏಳಲಿಲ್ಲ. ಅಂಗೈಯ ಮಣ್ಣನ್ನು ಮುಂಡಿಗೆ ಒರೆಸಿಕೊಂಡಳು, ಮತ್ತೊಮ್ಮೆ ಒರೆಸಿಕೊಂಡಳು. ಆಮೇಲೆ ಆ ನೆತ್ತಿಯ ಮೇಲೆ ಇಟ್ಟಳು. ಬಿಸಿಲಿಗೆ ಕಾದ ಕೂದಲು ಬೆಚ್ಚಗಿತ್ತು.

"ಬದುಕು," ಎಂದಳು.

ತಂಗಮ್ಮ ತಲೆ ಎತ್ತಿ, ಮೂಗು ಮುದುಡಿ, "ನಿಮ್ಮ ಕೈಯೆಲ್ಲ ಹುಳದ ನೀರಿನ ವಾಸನೆ," ಎಂದಳು. ಹಿಡಿ ಬೀಜ ತುಂಬಿಕೊಂಡು ಆಚೆ ತುದಿಗೆ ನಡೆದಳು.

ಲಿಂಗಿ ಜಾಡಿಯ ಬಳಿ ಬಂದು ಕುಕ್ಕರಗಾಲಲ್ಲಿ ಕೂತಳು. ನೀರು ಉಗುರುಬೆಚ್ಚಗಾಗಿತ್ತು. ಕಂದು ಮುಚ್ಚಳ ಬಿಗಿದೇ ಇತ್ತು. ಅದರ ಅಂಚಿನಲ್ಲಿ ಮಾತ್ರ ಸಾಸಿವೆಯಷ್ಟು ಚಿಕ್ಕದೊಂದು ಗುಳ್ಳೆ ಅಂಟಿಕೊಂಡಿತ್ತು. ಬಿಸಿಲಿಗೆ ಎದ್ದದ್ದೋ ಒಳಗಿಂದ ಬಂದದ್ದೋ ಹೇಳುವಂತಿರಲಿಲ್ಲ. ಬಿಸಿಲು ಹೆಚ್ಚಾಗದಂತೆ ಬದುವಿನ ಪಕ್ಕದಿಂದ ಒಂದು ಎಲೆ ಕಿತ್ತು ಜಾಡಿಯ ಬಾಯಿಗೆ ಅರ್ಧ ಮುಚ್ಚಿ, ಅರ್ಧ ತೆರೆದಿಟ್ಟಳು. ಗುದ್ದಲಿ ಎತ್ತಿಕೊಂಡು ಸಾಲಿಗೆ ಮರಳಿದಳು.